ಸೋತೆತ್ತಿನ ಬಾಲ ಹಿಡಿದವರು

ಅಮೆರಿಕದ ಸಾರ್ವಕಾಲಿಕ ಶ್ರೇಷ್ಠ ಜನರಲ್‌ಗಳ ಪಟ್ಟಿಯನ್ನು ಯಾರೇ ಮಾಡಲಿ, ಮೇಲಿನ ಮೂರು ನಾಲ್ಕು ಹೆಸರುಗಳಲ್ಲಿ ರಾಬರ್ಟ್ ಇ. ಲೀ ಸಾಮಾನ್ಯವಾಗಿ ಇದ್ದೇ ಇರುತ್ತಾನೆ. ಎಷ್ಟೋ ಸಲ ಮೊದಲನೆಯವನಾಗಿಯೇ. ಅವನನ್ನು ಸೋಲಿಸಿ, ಅವನ ಸೈನ್ಯವನ್ನು ಇಡಿಯಾಗಿ ಶರಣು ಮಾಡಿಸಿಕೊಂಡ ಯುಲಿಸಿಸ್ ಗ್ರಾಂಟ್ ಅವನಿಗಿಂತ ಕೆಳಗೆ ಎಲ್ಲೋ ಇರುತ್ತಾನೆ. ಹೆಸರಿನ ಮುಂದೆ 'ಕಟುಕ' ಎಂಬ ಬಿರುದು, ಪಕ್ಕದಲ್ಲಿ 'ಜನ ಜಾಸ್ತಿ ಇದ್ದರು, ಗೆದ್ದ' ಎಂಬ ಷರಾ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಸೋತೆತ್ತಿನ ಬಾಲವನ್ನು ನೂರೈವತ್ತು ವರ್ಷ ಬಿಡದೆ ಹಿಡಿದುಕೊಂಡು, ಗೆದ್ದದ್ದನ್ನು ಕೊಟ್ಟಿಗೆಯ ಮೂಲೆಗೆ ಕಟ್ಟಿದ ವಿಚಿತ್ರ ಇಲ್ಲಿ ನಡೆದಿದೆ.

ಸೋತದ್ದೇ ಅವನ ಅಪರಾಧ ಎಂದು ನಾನು ಹೇಳುತ್ತಿಲ್ಲ. ಹ್ಯಾನಿಬಲ್ ಸೋತ, ನೆಪೋಲಿಯನ್ ಸೋತ. ಅವರ ಹೆಸರು ಅಳಿಸಿ ಎಂದು ಯಾರೂ ಕೇಳುವುದಿಲ್ಲ. ಲೀಯ ವಿಷಯದಲ್ಲಿ ತಕರಾರು ಬೇರೆ. ತನ್ನ ಪಕ್ಷದಲ್ಲಿ ಯಾವುದು ಕಡಿಮೆ ಇತ್ತೋ ಅದನ್ನೇ ಅವನು ಧಾರಾಳವಾಗಿ ಖರ್ಚು ಮಾಡಿದ. ಆ ಖರ್ಚಿನ ವೈಭವ ಹೇಗಿತ್ತೆಂದರೆ ನೋಡಿದವರು ಲೆಕ್ಕ ಕೇಳುವುದನ್ನೇ ಮರೆತರು.

ಲೆಕ್ಕಕ್ಕೆ ಕೂರುವ ಮುಂಚೆ ಒಂದು ಸಣ್ಣ ಆಕ್ಷೇಪ. ಪಟ್ಟಿ ಅಮೆರಿಕದ ಜನರಲ್‌ಗಳದ್ದು. ಲೀ ಹೆಸರು ಮಾಡಿದ್ದು ಅಂತರ್ಯುದ್ಧದಲ್ಲಿ, ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಪರವಾಗಿ, ಅಮೆರಿಕದ ಸೈನ್ಯದ ಮೇಲೆ ಗುಂಡು ಹಾರಿಸಿ. 1829ರಲ್ಲಿ ವೆಸ್ಟ್ ಪಾಯಿಂಟ್ ಅಕಾಡೆಮಿಯಿಂದ ತನ್ನ ತಂಡಕ್ಕೆ ಎರಡನೆಯವನಾಗಿ ಹೊರಬಂದು ಮೂವತ್ತೆರಡು ವರ್ಷ ಆ ಸೈನ್ಯದ ಸಂಬಳ ತಿಂದವನು. 1861ರ ಏಪ್ರಿಲ್ 18ರಂದು ಲಿಂಕನ್ ಕಡೆಯವರು ಒಕ್ಕೂಟದ ಮುಖ್ಯ ಸೈನ್ಯದ ನಾಯಕತ್ವವನ್ನೇ ಅವನ ಮುಂದಿಟ್ಟರು. 20ರಂದು ರಾಜೀನಾಮೆ ಕೊಟ್ಟ. ವಾರ ತುಂಬುವುದರೊಳಗೆ ವರ್ಜೀನಿಯಾದ ಬಂಡಾಯ ಪಡೆಗಳ ಮುಖ್ಯಸ್ಥನಾದ. ಹುಟ್ಟಿದ ನೆಲದ ಮೇಲೆ ಕತ್ತಿ ಎತ್ತಲಾರದವನ ಧರ್ಮಸಂಕಟ ಎಂದು ಇದನ್ನು ವರ್ಣಿಸುವವರಿದ್ದಾರೆ. ನಮ್ಮಲ್ಲಿ ಇದನ್ನು ಓದಿದವರಿಗೆ ಕೂಡಲೇ ಕರ್ಣ ನೆನಪಾಗುತ್ತಾನೆ. ಹೋಲಿಕೆ ನಿಲ್ಲುವುದಿಲ್ಲ. ಕರ್ಣ ಉಂಡದ್ದೂ ದುರ್ಯೋಧನನ ಅನ್ನ, ಕಾದಿದ್ದೂ ದುರ್ಯೋಧನನ ಕಡೆಗೆ. ಲೀ ಉಂಡ ಅನ್ನ ವಾಷಿಂಗ್ಟನ್ನಿನದು. ವೆಸ್ಟ್ ಪಾಯಿಂಟ್‌ನಲ್ಲೇ ಇತಿಹಾಸ ಕಲಿಸಿದ, ಸ್ವತಃ ವರ್ಜೀನಿಯಾದವರಾದ ನಿವೃತ್ತ ಬ್ರಿಗೇಡಿಯರ್ ಜನರಲ್ ಟೈ ಸೀಡ್ಯೂಲ್ ಒಂದು ಲೆಕ್ಕ ಕೊಡುತ್ತಾರೆ: ಆಗ ಅಮೆರಿಕದ ಸೈನ್ಯದಲ್ಲಿ ವರ್ಜೀನಿಯಾ ಮೂಲದ ಕರ್ನಲ್‌ಗಳು ಎಂಟು ಮಂದಿ, ಏಳು ಮಂದಿ ಅಲ್ಲೇ ಉಳಿದರು, ಹೊರಟವನು ಲೀ ಒಬ್ಬನೇ. ಅವನ ಗುರುವಿನಂತಿದ್ದ ವಿನ್‌ಫೀಲ್ಡ್ ಸ್ಕಾಟ್ ಕೂಡ ವರ್ಜೀನಿಯಾದವನೇ, ಅವನೂ ಕದಲಲಿಲ್ಲ.

ಇರಲಿ. ದೇಶದ್ರೋಹದ ಕಟಕಟೆಯಲ್ಲಿ ನಿಲ್ಲಿಸಿ ಅವನನ್ನು ಪಟ್ಟಿಯಿಂದ ಹೊರಹಾಕುವುದು ಸುಲಭ. ಸುಲಭವಾದ್ದರಿಂದಲೇ ಅದು ನನಗೆ ಬೇಡ. ಅವನ ಭಕ್ತರು ಆರಿಸಿಕೊಂಡ ನೆಲದಲ್ಲೇ, ಯುದ್ಧ ನಡೆಸುವ ವಿದ್ಯೆಯಲ್ಲೇ, ನೋಡೋಣ.

ದಕ್ಷಿಣದ ರಾಜ್ಯಗಳಿಗೆ ಆ ಯುದ್ಧದಲ್ಲಿ ಬೇಕಿದ್ದುದೇನು? ಉತ್ತರದ ಜನಸಂಖ್ಯೆ ಸುಮಾರು 2.2 ಕೋಟಿ. ದಕ್ಷಿಣದ್ದು ಸುಮಾರು 90 ಲಕ್ಷ, ಅದರಲ್ಲಿ 35 ಲಕ್ಷದಷ್ಟು ಮಂದಿ ಗುಲಾಮರು. ಉತ್ತರಕ್ಕೆ ಇಡೀ ದಕ್ಷಿಣವನ್ನು ಗೆಲ್ಲಬೇಕಿತ್ತು. ದಕ್ಷಿಣಕ್ಕೆ ಏನನ್ನೂ ಗೆಲ್ಲಬೇಕಿರಲಿಲ್ಲ. ಸೈನ್ಯ ಚದುರದಂತೆ ನೋಡಿಕೊಂಡು, ಉತ್ತರದ ಮತದಾರನಿಗೆ ಸಾಕೋ ಸಾಕೆನ್ನಿಸುವವರೆಗೆ, ಅಂದರೆ 1864ರ ನವೆಂಬರಿನ ಚುನಾವಣೆಯವರೆಗೆ, ತಾಳಿಕೊಂಡಿದ್ದರೆ ಸಾಕಿತ್ತು. ಗಂಡಸರು ಕಡಿಮೆ ಇರುವ ಪಕ್ಷ ಗಂಡಸರನ್ನು ಉಳಿಸಿಕೊಳ್ಳಬೇಕು. ಇದನ್ನು ತಿಳಿಯಲು ಲೀ ಗ್ರಂಥಾಲಯಕ್ಕೆ ಹೋಗಬೇಕಿರಲಿಲ್ಲ, ಮನೆಯಲ್ಲೇ ಇತ್ತು. ಅವನ ಹೆಂಡತಿ ಮೇರಿ ಕಸ್ಟಿಸ್, ಜಾರ್ಜ್ ವಾಷಿಂಗ್ಟನ್ನಿನ ಹೆಂಡತಿ ಮಾರ್ಥಾಳ ಮರಿಮಗಳು. ಕಾದಾಟಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದ ವಾಷಿಂಗ್ಟನ್, ಸೈನ್ಯವನ್ನು ಮಾತ್ರ ಎಂದೂ ಕಳೆದುಕೊಳ್ಳಲಿಲ್ಲ. 1776ರ ಆಗಸ್ಟ್ ಕೊನೆಯ ಒಂದು ರಾತ್ರಿ ಒಂಬತ್ತು ಸಾವಿರದಷ್ಟು ಜನರನ್ನು ಬ್ರೂಕ್ಲಿನ್‌ನಿಂದ ದೋಣಿಗಳಲ್ಲಿ ಸದ್ದಿಲ್ಲದೆ ದಾಟಿಸಿ ಉಳಿಸಿಕೊಂಡ. ಲೀಯ ತಂದೆ ಹೆನ್ರಿ ಲೀ ಅದೇ ಸ್ವಾತಂತ್ರ್ಯಯುದ್ಧದಲ್ಲಿ ದಕ್ಷಿಣದ ರಂಗದಲ್ಲಿ ನಥಾನಿಯೆಲ್ ಗ್ರೀನ್ ಎಂಬ ಸೇನಾನಿಯ ಕೆಳಗೆ ಕುದುರೆ ಪಡೆ ನಡೆಸಿದವನು. ಗ್ರೀನ್ ಪ್ರಮುಖ ಕಾಳಗಗಳಲ್ಲಿ ಸೋಲುತ್ತಲೇ ಹೋಗಿ, ರಂಗವನ್ನೇ ಗೆದ್ದ.

ಗ್ರೀನ್‌ನ ಎದುರಾಳಿ ಲಾರ್ಡ್ ಕಾರ್ನ್‌ವಾಲಿಸ್. ಗ್ರೀನ್‌ನನ್ನು ಬೆನ್ನಟ್ಟುವ ಆತುರದಲ್ಲಿ 1781ರ ಜನವರಿಯಲ್ಲಿ ಅವನು ತನ್ನ ಸಾಮಾನಿನ ಗಾಡಿಗಳನ್ನೇ ಸುಟ್ಟ, ರಮ್ ಪೀಪಾಯಿಗಳ ಸಮೇತ. ಮಾರ್ಚ್‌ನಲ್ಲಿ ಗಿಲ್ಫರ್ಡ್ ಕೋರ್ಟ್‌ಹೌಸ್‌ನಲ್ಲಿ 'ಗೆದ್ದ'. ಗೆಲುವಿಗೆ ತೆತ್ತದ್ದು ಸುಮಾರು 1,900 ಜನರಲ್ಲಿ ಐನೂರಕ್ಕೂ ಹೆಚ್ಚು. ಉಳಿದವರನ್ನು ಎಳೆದುಕೊಂಡು ಸಮುದ್ರದ ದಂಡೆಗೆ, ಅಲ್ಲಿಂದ ವರ್ಜೀನಿಯಾಗೆ, ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನ ಶರಣಾಗತಿಗೆ. ಈ ಕಾರ್ನ್‌ವಾಲಿಸ್ ನಮಗೆ ಪರಿಚಿತನೇ. ಹತ್ತು ವರ್ಷದ ಮೇಲೆ, 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದವನು. ಮೇ ತಿಂಗಳಲ್ಲಿ ಅರಕೆರೆ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಕಾಳಗ ಗೆದ್ದಿದ್ದ. ಆದರೆ ದಾರಿಯುದ್ದಕ್ಕೂ ಟಿಪ್ಪು ಮೇವು ಉಳಿಸಿರಲಿಲ್ಲ, ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು, ದಂಡಿಗೆ ಅಕ್ಕಿಯಿರಲಿಲ್ಲ. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿ ಬಳಿ ತಾನೇ ಒಡೆದುಹಾಕಿ ಹಿಂದಿರುಗಿದ. ಮರುವರ್ಷ ಫೆಬ್ರವರಿಯಲ್ಲಿ ಬಂದಾಗ ಸೇನಾನಿಯೂ ಅವನೇ, ಎದುರಾಳಿಯೂ ಅವನೇ. ಬದಲಾಗಿದ್ದುದು ಬೆನ್ನ ಹಿಂದಿನ ಏರ್ಪಾಡು: ಮರಾಠರು ಜೊತೆಗೂಡಿದ್ದರು, ಲಂಬಾಣಿಗಳ ಎತ್ತಿನ ಹೇರುಗಳು ದಂಡಿನ ಹಿಂದೆ ಸಾಲುಗಟ್ಟಿದ್ದವು. ಆ ಯುದ್ಧದ ಬಗ್ಗೆ ಶಾಲೆಯಲ್ಲಿ ನಾವು ಓದಿದ್ದು ಟಿಪ್ಪುವಿನ ಮಕ್ಕಳನ್ನು ಒತ್ತೆಯಿಟ್ಟ ಕಥೆಯನ್ನು, ಎತ್ತುಗಳ ಕಥೆಯನ್ನಲ್ಲ. ಜನರಲ್‌ಗಳ ಪಟ್ಟಿ ಮಾಡುವವರೂ ಎತ್ತುಗಳನ್ನು ಎಣಿಸುವುದಿಲ್ಲ.

ಲೀಯ ಲೆಕ್ಕಕ್ಕೆ ಬರೋಣ. 1862ರ ಜೂನ್ 1ರಂದು ಉತ್ತರ ವರ್ಜೀನಿಯಾ ಸೈನ್ಯ ಅವನ ಕೈಗೆ ಬಂತು. ತಿಂಗಳು ತುಂಬುವ ಹೊತ್ತಿಗೆ 'ಏಳು ದಿನಗಳ ಕಾಳಗ'ದಲ್ಲಿ ಒಕ್ಕೂಟದ ಸೇನಾನಿ ಮೆಕ್ಲೆಲನ್‌ನ ದೊಡ್ಡ ಸೈನ್ಯವನ್ನು ದಕ್ಷಿಣದ ರಾಜಧಾನಿ ರಿಚ್ಮಂಡ್‌ನ ಹೊಸ್ತಿಲಿನಿಂದ ಅಟ್ಟಿದ. ರಾಜಧಾನಿ ಉಳಿಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಟ್ಟಿಸಿಕೊಂಡವನು ಕಳೆದುಕೊಂಡದ್ದು ಸುಮಾರು 16,000; ಅಟ್ಟಿದವನು ಕಳೆದುಕೊಂಡದ್ದು ಸುಮಾರು 20,000 (ಸತ್ತವರು, ಗಾಯಾಳುಗಳು, ಸೆರೆಸಿಕ್ಕವರು ಎಲ್ಲ ಸೇರಿ; ಮುಂದಿನ ಲೆಕ್ಕಗಳೂ ಹೀಗೆಯೇ). ಕೊನೆಯ ದಿನ ಮಾಲ್ವರ್ನ್ ಹಿಲ್‌ನಲ್ಲಿ, ಹೇಗೂ ಹೊರಟುಹೋಗುತ್ತಿದ್ದ ಶತ್ರುವಿನ ಮೇಲೆ, ದಿಬ್ಬದ ತುದಿಯಲ್ಲಿ ಸಾಲಾಗಿ ನಿಂತ ಫಿರಂಗಿಗಳ ಬಾಯಿಗೆ ಕಾಲಾಳುಗಳನ್ನು ಕಳಿಸಿದ್ದು ಯಾವ ಲಾಭಕ್ಕೆ?

ಅದೇ ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್. ಇಲ್ಲಿ ಲೀ ಎತ್ತರದಲ್ಲಿ, ಕಲ್ಲುಗೋಡೆಯ ಹಿಂದೆ ಕೂತ. ಒಕ್ಕೂಟದ ಸೇನಾನಿ ಬರ್ನ್‌ಸೈಡ್ ತನ್ನ ಜನರನ್ನು ಅಲೆಯಲೆಯಾಗಿ ಏರಿಗೆ ಹತ್ತಿಸಿ 12,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ, ಲೀ ಐದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ರೈಫಲ್‌ಗಳ ಕಾಲದಲ್ಲಿ ಬಯಲು ದಾಟಿ ಗೋಡೆಗೆ ನುಗ್ಗುವವನ ಗತಿಯೇನು ಎಂಬುದನ್ನು ಅವನು ಕಣ್ಣಾರೆ ಕಂಡ. ಕಂಡು ಏಳು ತಿಂಗಳು ಕಳೆದಿರಲಿಲ್ಲ, ಗೆಟ್ಟಿಸ್‌ಬರ್ಗ್‌ನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಮುಕ್ಕಾಲು ಮೈಲಿ ಬಯಲು ದಾಟಿಸಿ ಎತ್ತರದ ಗೋಡೆಗೆ ನುಗ್ಗಿಸಿದ. ಅವನ ಬಲಗೈಯಂತಿದ್ದ ಲಾಂಗ್‌ಸ್ಟ್ರೀಟ್ ಬೇಡವೆಂದು ಹೇಳಿದ್ದ. ಹೋದವರಲ್ಲಿ ಅರ್ಧದಷ್ಟು ಮಂದಿ ಸುಖವಾಗಿ ಹಿಂದಿರುಗಲಿಲ್ಲ. ಮೂರು ದಿನದಲ್ಲಿ ಅವನ 70-75 ಸಾವಿರದ ಸೈನ್ಯದಲ್ಲಿ ಮೂರನೇ ಒಂದು ಭಾಗದಷ್ಟು ಹೋಯಿತು.

'ಚಾನ್ಸಲರ್ಸ್‌ವಿಲ್?' ಎಂದು ಭಕ್ತರು ಕೇಳುತ್ತಾರೆ, ಕೇಳಲೇಬೇಕು. 1863ರ ಮೇ ತಿಂಗಳಲ್ಲಿ ತನಗಿಂತ ಇಮ್ಮಡಿಯಾಗಿದ್ದ ಹುಕರ್‌ನ ಸೈನ್ಯದ ಎದುರು ತನ್ನ 60,000 ಜನರನ್ನು ಒಡೆದು, ಅದರಲ್ಲೊಂದು ಪಾಲನ್ನು ಮತ್ತೆ ಒಡೆದು, ಸ್ಟೋನ್‌ವಾಲ್ ಜ್ಯಾಕ್ಸನ್‌ನನ್ನು ಕಾಡುದಾರಿಯಲ್ಲಿ ಸುತ್ತುಬಳಸಿ ಕಳಿಸಿ ಪಕ್ಕೆಗೆ ತಿವಿದ ಆ ಕಾಳಗ ಇಂದಿಗೂ ಸೇನಾ ಶಾಲೆಗಳ ಪಾಠ. ನನಗೂ ಓದಲು ಇಷ್ಟವೇ. ಆದರೆ ಕೊನೆಗೆ ಲೆಕ್ಕ: ಹುಕರ್‌ಗೆ 17,000 ನಷ್ಟ, 1,30,000ದಲ್ಲಿ. ಲೀಗೆ 13,000 ನಷ್ಟ, 60,000ದಲ್ಲಿ. ಜೊತೆಗೆ ಜ್ಯಾಕ್ಸನ್ ಹೋದ. ಹುಕರ್ ನದಿ ದಾಟಿ ಹಿಂದೆ ಹೋಗಿ ಊಟ ಮಾಡಿದ. ಅವನ ನಷ್ಟವನ್ನು ತುಂಬುವ ಜನಬಲ ಉತ್ತರಕ್ಕಿತ್ತು. ಲೀಯದು ತುಂಬುವಂಥದ್ದಲ್ಲ.

ಇದಕ್ಕಿಂತ ದೊಡ್ಡ ತಪ್ಪು ಅದೇ ಮೇ ತಿಂಗಳಲ್ಲಿ ಮೇಜಿನ ಮುಂದೆ ಆಯಿತು. ಸಾವಿರ ಮೈಲಿ ದೂರದಲ್ಲಿ ಮಿಸಿಸಿಪಿ ನದಿಯ ಮೇಲಿನ ವಿಕ್ಸ್‌ಬರ್ಗ್ ಕೋಟೆಗೆ ಗ್ರಾಂಟ್ ಉರುಲು ಹಾಕುತ್ತಿದ್ದ. ಲೀಯ ಸೈನ್ಯದಿಂದ ಒಂದು ಡಿವಿಷನ್ ಅತ್ತ ಕಳಿಸೋಣವೆಂದು ದಕ್ಷಿಣದ ಯುದ್ಧಮಂತ್ರಿ ಸೆಡನ್ ಕೇಳಿದ. ಲೀ ಒಪ್ಪಲಿಲ್ಲ, ಅದರ ಬದಲು ಪೆನ್ಸಿಲ್ವೇನಿಯಾಗೆ ದಂಡೆತ್ತಿ ಹೋಗುತ್ತೇನೆಂದ. ರಿಚ್ಮಂಡ್‌ನಲ್ಲಿ ಅವನ ಮಾತೇ ನಡೆಯಿತು. ಜುಲೈ 3ಕ್ಕೆ ಗೆಟ್ಟಿಸ್‌ಬರ್ಗ್ ಸೋಲು, ಜುಲೈ 4ಕ್ಕೆ ವಿಕ್ಸ್‌ಬರ್ಗ್ ಶರಣು. 1865ರ ಫೆಬ್ರವರಿಯವರೆಗೆ ಅವನು ಇಡೀ ದಕ್ಷಿಣದ ಸೇನಾಪತಿಯಾಗಿರಲಿಲ್ಲ, ವರ್ಜೀನಿಯಾ ಮಾತ್ರ ಅವನ ಹೊಣೆ ಎಂದು ಸಮರ್ಥಿಸುತ್ತಾರೆ. ಹೊಣೆ ಒಂದೇ ರಾಜ್ಯದ್ದು, ಮಾತು ಮಾತ್ರ ಎಲ್ಲ ರಾಜ್ಯಗಳ ಮೇಲೆ ನಡೆಯಬೇಕು ಎಂದಾದರೆ ಅದು ಸಮರ್ಥನೆಯಲ್ಲ.

ಈಗ ವಿಕ್ಸ್‌ಬರ್ಗ್. ಕಲೆ ನೋಡಬೇಕೆನ್ನುವವರು ಚಾನ್ಸಲರ್ಸ್‌ವಿಲ್ ಬಿಟ್ಟು ಇಲ್ಲಿಗೆ ಬರಬೇಕು.

ಗ್ರಾಂಟ್ ವೆಸ್ಟ್ ಪಾಯಿಂಟ್‌ನಲ್ಲಿ 39 ಮಂದಿಯಲ್ಲಿ 21ನೆಯವನು. ಮೆಕ್ಸಿಕೋ ಯುದ್ಧದಲ್ಲಿ ಅವನಿಗೆ ಸಿಕ್ಕಿದ ಕೆಲಸ ರೆಜಿಮೆಂಟಿನ ದಿನಸಿ, ಡೇರೆ, ಹೇಸರಗತ್ತೆಗಳ ಉಸ್ತುವಾರಿ. ಆಮೇಲೆ ನೌಕರಿ ಬಿಟ್ಟು, ಬೇಸಾಯ ಕೈಕೊಟ್ಟು, ಸೇಂಟ್ ಲೂಯಿಸ್ ಬೀದಿಯಲ್ಲಿ ಸೌದೆ ಮಾರಿ, ಯುದ್ಧ ಶುರುವಾದಾಗ ಅಪ್ಪನ ಚರ್ಮದಂಗಡಿಯಲ್ಲಿ ಕೂತಿದ್ದವನು. ವಿಕ್ಸ್‌ಬರ್ಗ್ ಎತ್ತರದ ದಂಡೆಯ ಮೇಲಿತ್ತು. ಎದುರು ನದಿ, ಉತ್ತರಕ್ಕೆ ಜೌಗು. ಚಳಿಗಾಲವೆಲ್ಲ ಕಾಲುವೆ ತೋಡಿಸಿ, ಹಳ್ಳಗಳಲ್ಲಿ ದೋಣಿ ನುಗ್ಗಿಸಿ ಸೋತ. ಏಪ್ರಿಲ್‌ನಲ್ಲಿ ಸೈನ್ಯವನ್ನು ನದಿಯ ಆಚೆ ದಡದಲ್ಲಿ ಕೆಳಕ್ಕೆ ನಡೆಸಿದ. 16ರ ರಾತ್ರಿ ಅಡ್ಮಿರಲ್ ಪೋರ್ಟರ್‌ನ ಹಡಗುಗಳು ಕೋಟೆಯ ಫಿರಂಗಿಗಳ ಮುಂದೆಯೇ ಹರಿದು ಕೆಳಗೆ ಬಂದವು. ಅದೇ ವೇಳೆಗೆ ಗ್ರಿಯರ್‌ಸನ್ ಎಂಬ ಕರ್ನಲ್ 1,700 ಸವಾರರೊಂದಿಗೆ ಮಿಸಿಸಿಪಿ ರಾಜ್ಯವನ್ನು ಉದ್ದಕ್ಕೆ ಸೀಳಿಕೊಂಡು ಹೋಗಿ, ರೈಲುಹಳಿ ಕಿತ್ತು, ಎದುರಾಳಿಯ ಕಣ್ಣನ್ನು ಬೇರೆಡೆಗೆ ಎಳೆದ. (ಈ ಗ್ರಿಯರ್‌ಸನ್ ಯುದ್ಧಕ್ಕೆ ಮುಂಚೆ ಸಂಗೀತದ ಮೇಷ್ಟ್ರು, ಚಿಕ್ಕಂದಿನಲ್ಲಿ ಕುದುರೆ ಒದ್ದು, ಕುದುರೆಯೆಂದರೆ ಆಗದವನು. ಲೀಯ ಸವಾರರ ಗರಿಟೊಪ್ಪಿಗೆಗಳ ಬಗ್ಗೆ ಬರೆದವರು ಇವನ ಬಗ್ಗೆ ಬರೆದದ್ದು ಕಡಿಮೆ.)

ನದಿ ದಾಟಲು ಒಳ್ಳೆಯ ಕಡವು ಬ್ರೂಯಿನ್ಸ್‌ಬರ್ಗ್ ಎಂದೂ ಅಲ್ಲಿಂದ ಒಳನಾಡಿಗೆ ಗಟ್ಟಿ ರಸ್ತೆಯಿದೆಯೆಂದೂ ಹೇಳಿದವನು ಆ ಸೀಮೆಯ ಒಬ್ಬ ಕರಿಯ. ಗ್ರಾಂಟ್ ತನ್ನ ಆತ್ಮಕಥೆಯಲ್ಲಿ ಅದನ್ನು ದಾಖಲಿಸಿದ್ದಾನೆ, ಹೆಸರು ಬರೆದಿಲ್ಲ. ಏಪ್ರಿಲ್ 30ರಂದು ದಾಟಿದ. ಊರಿನ ಸಾರೋಟು, ಗಾಡಿ, ಹೇಸರಗತ್ತೆ, ಎತ್ತು, ಸಿಕ್ಕಿದ್ದಕ್ಕೆಲ್ಲ ಮದ್ದುಗುಂಡು ಹೇರಿಸಿದ. ಕಾಳು-ಮಾಂಸ ದಾರಿಯಲ್ಲೇ ಸಿಗುತ್ತದೆ, ಗುಂಡು ಸಿಗುವುದಿಲ್ಲ ಎಂಬ ಉಗ್ರಾಣದವನ ಲೆಕ್ಕ. ಕೋಟೆಯ ಕಡೆಗೆ ನೇರವಾಗಿ ಹೋಗದೆ ಒಳನಾಡಿನ ರಾಜಧಾನಿ ಜ್ಯಾಕ್ಸನ್‌ಗೆ ತಿರುಗಿದ. ಮಿಸಿಸಿಪಿಯಲ್ಲಿ ಚದುರಿದ್ದ ಎದುರಾಳಿಗಳೆಲ್ಲ ಒಂದಾದರೆ ಗ್ರಾಂಟ್‌ನ ಪಡೆಗಿಂತ ಕಡಿಮೆಯೇನೂ ಆಗುತ್ತಿರಲಿಲ್ಲ. ಒಂದಾಗಲು ಬಿಡಲಿಲ್ಲ. ಪೋರ್ಟ್ ಗಿಬ್ಸನ್, ರೇಮಂಡ್, ಜ್ಯಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್: ಮೇ 1ರಿಂದ 17ರೊಳಗೆ ಐದು ಕಾಳಗ, ಐದೂ ಗೆಲುವು, ಎದುರಾಳಿ ಸೇನಾನಿಗಳಲ್ಲಿ ಜಾನ್‌ಸ್ಟನ್‌ನ ಪಡೆ ಉತ್ತರಕ್ಕೆ, ಪೆಂಬರ್ಟನ್‌ನದು ಕೋಟೆಯೊಳಕ್ಕೆ. ನಂತರ ಎರಡು ಸಲ ಅವಸರದ ಮುನ್ನುಗ್ಗು, ಎರಡೂ ವಿಫಲ. ಮೇ 22ರಂದು ಮೂರು ಸಾವಿರಕ್ಕೂ ಹೆಚ್ಚು ಜನ ಹೋದರು. ಪಾಠ ಕಲಿತು ಮುತ್ತಿಗೆಗೆ ಕೂತ. ಜುಲೈ 4ರಂದು 29,000ಕ್ಕೂ ಹೆಚ್ಚು ಸೈನಿಕರು, 172 ಫಿರಂಗಿಗಳು ಅವನ ವಶ. ಇಡೀ ದಂಡಯಾತ್ರೆಗೆ ತೆತ್ತದ್ದು ಸುಮಾರು 10,000. ಕೆಲವೇ ದಿನದಲ್ಲಿ ನದಿ ಉದ್ದಕ್ಕೂ ತೆರೆದುಕೊಂಡು ದಕ್ಷಿಣ ಎರಡು ಹೋಳಾಯಿತು. ಕಟುಕನೆನ್ನಿಸಿಕೊಂಡವನ ಅಂಗಡಿಯ ಲೆಕ್ಕ ಇದು.

ಕಟುಕ ಎಂಬ ಹೆಸರು ಬಂದದ್ದು 1864ರ ಮೇ-ಜೂನ್ ತಿಂಗಳ ವರ್ಜೀನಿಯಾದಿಂದ. ಗ್ರಾಂಟ್ ಸುಮಾರು 1,20,000 ಜನರೊಂದಿಗೆ ಲೀಯ 65,000ದ ಮೇಲೆ ಹೋದ. ವೈಲ್ಡರ್‌ನೆಸ್, ಸ್ಪಾಟ್ಸಿಲ್ವೇನಿಯಾ, ಕೋಲ್ಡ್ ಹಾರ್ಬರ್. ಆರು ವಾರದಲ್ಲಿ ಗ್ರಾಂಟ್‌ನ ಕಡೆ 55,000 ನಷ್ಟ. ಕೋಲ್ಡ್ ಹಾರ್ಬರ್‌ನ ಜೂನ್ 3ರ ಮುನ್ನುಗ್ಗು ಕ್ಷಮೆಗೆ ಅರ್ಹವಲ್ಲ, ಅವನೇ ಆತ್ಮಕಥೆಯಲ್ಲಿ ಅದಕ್ಕಾಗಿ ಪರಿತಪಿಸಿದ್ದಾನೆ. ಆಮೇಲೆ ಗಾಯಾಳುಗಳನ್ನು ಎತ್ತಲು ಕದನವಿರಾಮ ಕೇಳುವ ಪತ್ರದ ಶಿಷ್ಟಾಚಾರದಲ್ಲಿ ಅವನೂ ಲೀಯೂ ದಿನಗಟ್ಟಲೆ ಕಳೆದದ್ದು ಇಬ್ಬರಿಗೂ ಕಳಂಕ. ಅವನ ತಪ್ಪುಗಳ ಪಟ್ಟಿ ಅಷ್ಟಕ್ಕೇ ಮುಗಿಯುವುದಿಲ್ಲ: ಶೈಲೋ ಕಾಳಗದಲ್ಲಿ ಮೈಮರೆತಿದ್ದ, ಯಹೂದಿಗಳನ್ನು ತನ್ನ ಸೀಮೆಯಿಂದ ಹೊರಹಾಕುವ ನಾಚಿಕೆಗೇಡಿನ ಆದೇಶವನ್ನು ಹೊರಡಿಸಿ ಲಿಂಕನ್‌ನಿಂದ ರದ್ದು ಮಾಡಿಸಿಕೊಂಡ. ಆದರೆ ಅದೇ ಆರು ವಾರದಲ್ಲಿ ಲೀಯ ನಷ್ಟವೆಷ್ಟೆಂದು ಪಟ್ಟಿಕಾರರು ಹೇಳುವುದಿಲ್ಲ. ಸುಮಾರು 33,000, ಅವನು ಕಣಕ್ಕೆ ತಂದ ಸೈನ್ಯದ ಅರ್ಧ. ಶೇಕಡಾವಾರು ನೋಡಿದರೆ ಗ್ರಾಂಟ್‌ನದಕ್ಕಿಂತ ಕಡಿಮೆಯಲ್ಲ. ಅದೂ ಬಹುಪಾಲು ಕಂದಕದ ಒಳಗೆ ಕೂತು.

ಅಂತೂ ಲೀಗಿಂತ ಗ್ರಾಂಟ್‌ಗೆ ಜನ ಹೆಚ್ಚಿದ್ದರು, ನಿಜ. ಮೆಕ್ಲೆಲನ್, ಪೋಪ್, ಬರ್ನ್‌ಸೈಡ್, ಹುಕರ್‌ಗೂ ಇದ್ದರು. ಮೂರು ವರ್ಷ ಇದೇ ಜನಬಲ ರಾಪಹನಾಕ್ ನದಿಯ ಆಚೀಚೆ ಓಡಾಡಿಕೊಂಡಿತ್ತು. ಒಂದು ಪೆಟ್ಟು ತಿಂದರೆ ಹಿಂದೆ ಹೋಗಿ ಬೇಸಿಗೆ ಕಳೆಯುತ್ತಿತ್ತು. ವೈಲ್ಡರ್‌ನೆಸ್ ಕಾಳಗದ ಮರುದಿನ ಗ್ರಾಂಟ್ ತಿರುಗಿದ್ದು ದಕ್ಷಿಣಕ್ಕೆ. ಸಂಖ್ಯೆಯನ್ನು ಹೇಗೆ ಬಳಸಬೇಕೆಂಬುದು ಆ ಸೇನಾನಿಗಳಲ್ಲಿ ಅವನಿಗೆ ಮಾತ್ರ ಹೊಳೆದಿತ್ತು: ಎಲ್ಲ ರಂಗಗಳಲ್ಲೂ ಒಟ್ಟಿಗೆ ಒತ್ತುವುದು, ಒಂದರಿಂದ ಇನ್ನೊಂದಕ್ಕೆ ನೆರವು ಹೋಗದಂತೆ. ಲೀಯನ್ನು ಅವನು ಹಿಡಿದಿಟ್ಟಿದ್ದರಿಂದಲೇ ಅವನ ಕೈಕೆಳಗಿನ ಸೇನಾನಿ ಶರ್ಮನ್ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾ ಹೊಕ್ಕ. ಅಟ್ಲಾಂಟಾ ಬಿದ್ದದ್ದರಿಂದ ಲಿಂಕನ್ ಚುನಾವಣೆ ಗೆದ್ದ. ಜೂನ್ ಮಧ್ಯದಲ್ಲಿ ಲೀಯ ಕಣ್ಣುತಪ್ಪಿಸಿ ಇಡೀ ಸೈನ್ಯವನ್ನು ಜೇಮ್ಸ್ ನದಿಯಾಚೆಗೆ ದಾಟಿಸಿದ. ಎರಡು ಸಾವಿರ ಅಡಿಗೂ ಉದ್ದದ ದೋಣಿಸೇತುವೆ. ಶತ್ರು ಎಲ್ಲಿ ಹೋದನೆಂದು ತಿಳಿಯಲು ಆ ಮಹಾ ಸೇನಾನಿಗೆ ದಿನಗಳೇ ಹಿಡಿದವು. ಆಮೇಲೆ ಪೀಟರ್ಸ್‌ಬರ್ಗ್ ಮುತ್ತಿಗೆ, ಅದರ ಹಿಂದೆ ಸಿಟಿ ಪಾಯಿಂಟ್ ಬಂದರಿನಲ್ಲಿ ಹಡಗು, ರೈಲು, ಆಸ್ಪತ್ರೆ, ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಬ್ರೆಡ್ ಸುಡುವ ಬೇಕರಿ. ಕಂದಕದಲ್ಲಿದ್ದ ಸಿಪಾಯಿಗೆ ಬಿಸಿ ಬ್ರೆಡ್ ಬರುತ್ತಿತ್ತು. ಎದುರಿನ ಕಂದಕದಲ್ಲಿ ಲೀಯ ಜನ ಹಸಿವು ತಾಳದೆ ರಾತ್ರಿ ಮನೆಗೆ ಓಡಿಹೋಗುತ್ತಿದ್ದರು.

ಡೊನೆಲ್ಸನ್, ವಿಕ್ಸ್‌ಬರ್ಗ್, ಅಪೊಮ್ಯಾಟಾಕ್ಸ್: ಆ ಯುದ್ಧದಲ್ಲಿ ಮೂರು ಸೈನ್ಯಗಳನ್ನು ಇಡಿಯಾಗಿ ಶರಣು ಮಾಡಿಸಿಕೊಂಡವನು ಗ್ರಾಂಟ್. ಲೀ ಒಂದನ್ನೂ ಮಾಡಿಸಿಕೊಳ್ಳಲಿಲ್ಲ.

ಹಾಗಾದರೆ ಈ ಪಟ್ಟಿ ಎಲ್ಲಿಂದ ಬಂತು? ಸೋತ ಮರುದಿನದಿಂದಲೇ. 1865ರ ಏಪ್ರಿಲ್ 10ರ ಲೀಯ ಬೀಳ್ಕೊಡುಗೆ ಆದೇಶದಲ್ಲೇ, ಎದುರಾಳಿಯ ಅಪಾರ ಸಂಖ್ಯೆಗೆ, ಸಾಮಗ್ರಿಗೆ ಮಣಿಯಬೇಕಾಯಿತು ಎಂಬ ವಾದ ಕಾಣಿಸುತ್ತದೆ. ಲೀ ತೀರಿಕೊಂಡ ಮೇಲೆ, 1872ರ ಜನವರಿ 19ರಂದು, ಅವನ ಹುಟ್ಟುಹಬ್ಬದ ದಿನ, ಅವನ ಕೈಕೆಳಗಿನ ಜನರಲ್ ಆಗಿದ್ದ ಜೂಬಲ್ ಅರ್ಲಿ ಲೆಕ್ಸಿಂಗ್ಟನ್‌ನಲ್ಲಿ ಭಾಷಣ ಮಾಡಿ ಅದನ್ನು ಮತವನ್ನಾಗಿಸಿದ: ಲೀ ಸೋಲಲಿಲ್ಲ, ಸವೆದುಹೋದ, ಗ್ರಾಂಟ್ ಅವನ ಸಮಕ್ಕೆ ನಿಲ್ಲುವವನಲ್ಲ. ದಕ್ಷಿಣದ ಚರಿತ್ರೆ ಸಂಘವೊಂದು ಅರ್ಲಿಯ ಹಿಡಿತಕ್ಕೆ ಬಂತು, ಅದರ ಸಂಪುಟಗಳು ಸಾಲುಸಾಲಾಗಿ ಅಚ್ಚಾದವು. ದೇವರು ತಪ್ಪು ಮಾಡಕೂಡದು. ಗೆಟ್ಟಿಸ್‌ಬರ್ಗ್‌ಗೆ ಇನ್ನೊಬ್ಬ ಪಾಪಿ ಬೇಕಾಯಿತು. ಲಾಂಗ್‌ಸ್ಟ್ರೀಟ್ ಸಿಕ್ಕಿದ. ಎರಡನೆಯ ದಿನ ಸೂರ್ಯೋದಯಕ್ಕೇ ದಾಳಿ ಮಾಡೆಂದು ಲೀ ಆಜ್ಞೆ ಕೊಟ್ಟಿದ್ದ, ಇವನು ತಡಮಾಡಿದ ಎಂಬ ಕಥೆ ಹುಟ್ಟಿತು. ಅಂಥ ಆಜ್ಞೆ ಗೊತ್ತಿಲ್ಲವೆಂದು ಲೀಯ ಸ್ವಂತ ಸಿಬ್ಬಂದಿ ಅಧಿಕಾರಿಗಳೇ ಬರೆದುಕೊಟ್ಟರೂ ಕಥೆ ಸಾಯಲಿಲ್ಲ. ಲಾಂಗ್‌ಸ್ಟ್ರೀಟ್‌ನ ನಿಜವಾದ ಪಾಪ ಬೇರೆ: ಯುದ್ಧದ ನಂತರ ರಿಪಬ್ಲಿಕನ್ ಪಕ್ಷ ಸೇರಿದ, ಗ್ರಾಂಟ್‌ನನ್ನು ಬೆಂಬಲಿಸಿದ, 1874ರಲ್ಲಿ ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಕರಿಯ ಮಿಲಿಷಿಯಾವನ್ನು ಕರೆದುಕೊಂಡು ಬಿಳಿಯರ ದಂಗೆಯ ಎದುರು ನಿಂತ.

ಗ್ರಾಂಟ್‌ನ ಮೇಲಿನ ಕೋಪವೂ ಬರೀ ಸೋಲಿನದಲ್ಲ. ಅಧ್ಯಕ್ಷನಾಗಿ 1871ರಲ್ಲಿ ಕೂ ಕ್ಲಕ್ಸ್ ಕ್ಲಾನ್‌ನ ಬೆನ್ನುಮೂಳೆ ಮುರಿದವನು ಅವನು. 1864ರ ಅಕ್ಟೋಬರ್‌ನಲ್ಲಿ ಸೆರೆಯಾಳುಗಳ ವಿನಿಮಯಕ್ಕೆ ಲೀ ಪತ್ರ ಬರೆದಾಗ, ಕರಿಯ ಸೈನಿಕರನ್ನೂ ಬಿಳಿಯರಂತೆಯೇ ಬಿಡುತ್ತೀಯಾ ಎಂದು ಗ್ರಾಂಟ್ ಕೇಳಿದ. ಮಾಲೀಕರಿದ್ದ ಗುಲಾಮರನ್ನು ಬಿಡುವುದಿಲ್ಲವೆಂದು ಲೀ ಉತ್ತರಿಸಿದ. ಗ್ರಾಂಟ್ ಮಾತುಕತೆ ನಿಲ್ಲಿಸಿದ. ಗೆಟ್ಟಿಸ್‌ಬರ್ಗ್‌ಗೆ ಹೋಗುವ ದಾರಿಯಲ್ಲಿ ಲೀಯ ಸೈನ್ಯ ಪೆನ್ಸಿಲ್ವೇನಿಯಾದ ಕರಿಯರನ್ನು, ಹುಟ್ಟಾ ಸ್ವತಂತ್ರರನ್ನು ಕೂಡ, ಹಿಡಿದು ಕಟ್ಟಿ ದಕ್ಷಿಣಕ್ಕೆ ಸಾಗಿಸಿತ್ತು. ಶೀಲವಂತ ಕ್ರಿಶ್ಚಿಯನ್ ಸೇನಾನಿಯ ಚಿತ್ರದಲ್ಲಿ ಇದಕ್ಕೆ ಜಾಗವಿಲ್ಲ. 1890ರಲ್ಲಿ ರಿಚ್ಮಂಡ್‌ನಲ್ಲಿ ಕುದುರೆಯ ಮೇಲಿನ ಲೀ ಎದ್ದುನಿಂತ. 1930ರ ದಶಕದಲ್ಲಿ ಡಗ್ಲಸ್ ಫ್ರೀಮನ್‌ನ ನಾಲ್ಕು ಸಂಪುಟದ ಜೀವನಚರಿತ್ರೆಗೆ ಪುಲಿಟ್ಜರ್ ಬಂತು. ಫ್ರೀಮನ್ ದಿನಾ ಕಚೇರಿಗೆ ಹೋಗುವಾಗ ಆ ಪ್ರತಿಮೆಗೆ ಸೆಲ್ಯೂಟ್ ಹೊಡೆಯುತ್ತಿದ್ದನೆಂದು ಹೇಳುತ್ತಾರೆ. ಉತ್ತರದವನಾಗಿ ಬೆಳೆದ ಐಸೆನ್‌ಹೋವರ್ ಕೂಡ ಅಧ್ಯಕ್ಷರ ಕಚೇರಿಯಲ್ಲಿ ಲೀಯ ಚಿತ್ರ ತೂಗುಹಾಕಿದ. ಪಟ್ಟಿಗಳು ಈ ಮೂರ್ತಿಪೂಜೆಯ ಪ್ರಸಾದ.

2021ರ ಸೆಪ್ಟೆಂಬರ್‌ನಲ್ಲಿ ರಿಚ್ಮಂಡ್‌ನ ಪ್ರತಿಮೆ ಇಳಿಯಿತು. ಆದರೂ ಭಕ್ತಿಗೆ ಬೇರೆ ದಾರಿಗಳಿವೆ. ಪೀಟರ್ಸ್‌ಬರ್ಗ್ ಪಕ್ಕದಲ್ಲೇ, ಲೀಯನ್ನು ಗ್ರಾಂಟ್ ಹಸಿವಿನಿಂದ ಕಟ್ಟಿಹಾಕಿದ ಸೀಮೆಯಲ್ಲೇ, ಅಮೆರಿಕದ ಸೈನ್ಯದ ದೊಡ್ಡ ನೆಲೆಯೊಂದಿದೆ. ಅಲ್ಲಿ ಕಲಿಸುವುದು ಸರಬರಾಜು ವಿದ್ಯೆ. ಅದರ ಹೆಸರು ಫೋರ್ಟ್ ಲೀ! 2023ರಲ್ಲಿ ಅದನ್ನು ತೆಗೆದು ಆರ್ಥರ್ ಗ್ರೆಗ್, ಚಾರಿಟಿ ಆಡಮ್ಸ್ ಎಂಬ ಇಬ್ಬರು ಕರಿಯ ಅಧಿಕಾರಿಗಳ ಹೆಸರಿಟ್ಟರು. ಎರಡೇ ವರ್ಷಕ್ಕೆ, 2025ರಲ್ಲಿ, ಮತ್ತೆ ಫೋರ್ಟ್ ಲೀ. ಬಂಡಾಯಗಾರರ ಹೆಸರಿಡುವುದನ್ನು ಕಾನೂನು ತಡೆದಿದ್ದರಿಂದ ಫಿಟ್ಜ್ ಲೀ ಎಂಬ ಬೇರೊಬ್ಬ ಸಿಪಾಯಿಯನ್ನು ಹುಡುಕಿ ಅವನ ಹೆಸರೆಂದು ಘೋಷಿಸಿದರು. ಆ ಸಿಪಾಯಿ 1898ರ ಯುದ್ಧದ ವೀರ, ಕರಿಯ, ಗೌರವಕ್ಕೆ ಅರ್ಹನೇ. ಅವನ ನೆನಪು ಅಷ್ಟು ವರ್ಷ ಯಾರಿಗೂ ಆಗಿರಲಿಲ್ಲ.

ಇದೇ ಕಣ್ಣು ಡಗ್ಲಸ್ ಮೆಕಾರ್ಥರ್‌ನನ್ನೂ ಮೇಲೆ ಕೂರಿಸುತ್ತದೆ. ಕೊರಿಯಾ ಯುದ್ಧದಲ್ಲಿ 1950ರ ಸೆಪ್ಟೆಂಬರ್ 15ರ ಅವನ ಇಂಚಾನ್ ದಾಳಿ ಅದ್ಭುತ, ಸರಿ. ಅಕ್ಟೋಬರ್ ಮೊದಲ ವಾರದಲ್ಲೇ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೀಜಿಂಗ್‌ನಲ್ಲಿದ್ದ ನಮ್ಮ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ, ಅಮೆರಿಕನ್ನರು 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದಿದ್ದರು. ಎಚ್ಚರಿಕೆ ವಾಷಿಂಗ್ಟನ್‌ಗೆ ತಲುಪಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚೀನೀಯರು ಬರುವುದಿಲ್ಲವೆಂದು ಮೆಕಾರ್ಥರ್ ಅಧ್ಯಕ್ಷನಿಗೇ ಭರವಸೆ ಕೊಟ್ಟ. ಬಂದರು, ಸೈನ್ಯ ಹಿಮದಲ್ಲಿ ಹಿಂದೋಡಿತು, ಟ್ರೂಮನ್ ಮುಂದಿನ ಏಪ್ರಿಲ್‌ನಲ್ಲಿ ಅವನನ್ನು ಮನೆಗೆ ಕಳಿಸಿದ. ಆ ಯುದ್ಧ ಎಳೆದೂ ಎಳೆದೂ 1953ರಲ್ಲಿ ನಿಂತಾಗ, ತಮ್ಮ ದೇಶಕ್ಕೆ ಹೋಗಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಸಂಭಾಳಿಸಿದ್ದು ತಟಸ್ಥ ಆಯೋಗದ ಅಧ್ಯಕ್ಷರಾಗಿ ಹೋದ ಕೊಡಗಿನ ಜನರಲ್ ತಿಮ್ಮಯ್ಯ. ಇನ್ನು ಎರಡನೇ ಮಹಾಯುದ್ಧದ ಜನರಲ್ ಪ್ಯಾಟನ್‌ಗೆ ಪಟ್ಟಿಯಲ್ಲಿ ಸಿಗುವ ಸ್ಥಾನದಲ್ಲಿ ಅವನ ಬಗೆಗಿನ 1970ರ ಸಿನಿಮಾದ ಪಾಲೆಷ್ಟು ಎಂಬುದನ್ನು ಓದುಗರೇ ಅಂದಾಜು ಮಾಡಿಕೊಳ್ಳಬಹುದು.

ಇವರಿಗೆ ವ್ಯತಿರಿಕ್ತವಾಗಿ, ಒಮ್ಮೆಯೂ ಕಾಳಗದಲ್ಲಿ ಸೈನ್ಯ ನಡೆಸದ ಜಾರ್ಜ್ ಮಾರ್ಷಲ್, 1939ರಲ್ಲಿ ಎರಡು ಲಕ್ಷವೂ ಇಲ್ಲದ ಸೈನ್ಯವನ್ನು ಎಂಬತ್ತು ಲಕ್ಷಕ್ಕೆ ಬೆಳೆಸಿ, ಎರಡು ಸಾಗರಗಳ ಆಚೆ ಉಣಿಸಿ ಉಡಿಸಿ ಗೆಲ್ಲಿಸಿದ. ನನ್ನ ಪಟ್ಟಿಯಲ್ಲಿ ಮೊದಲು ಗ್ರಾಂಟ್. ಅವನ ನಂತರ ವಾಷಿಂಗ್ಟನ್ನೋ ಮಾರ್ಷಲ್ಲೋ ಎಂಬುದು ಚರ್ಚೆಗೆ ಬಿಟ್ಟದ್ದು.

ಅಂತರ್ಯುದ್ಧದ ವರ್ಜೀನಿಯಾದವನೊಬ್ಬ ಮೇಲಿರಲೇಬೇಕೆಂಬ ಹಟವಿದ್ದರೆ ಜಾರ್ಜ್ ಥಾಮಸ್ ಇದ್ದಾನೆ. ಒಕ್ಕೂಟ ಬಿಡದಿದ್ದಕ್ಕೆ ಅಕ್ಕತಂಗಿಯರು ಅವನ ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟರಂತೆ. ಚಿಕಮಾಗಾದಲ್ಲಿ ಉಳಿದವರು ಓಡಿದಾಗ ಅವನೊಬ್ಬ ಗುಡ್ಡ ಹಿಡಿದು ನಿಂತ. 1864ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ, ಬೇಗ ಹೊಡೆ ಎಂದು ಗ್ರಾಂಟ್ ತಂತಿಯ ಮೇಲೆ ತಂತಿ ಕಳಿಸಿ, ಕೆಲಸದಿಂದಲೇ ತೆಗೆಯಲು ಹೊರಟಿದ್ದರೂ ಕದಲದೆ, ಕುದುರೆಗಳು ಸಿದ್ಧವಾಗಿ ರಸ್ತೆಯ ಮಂಜುಗಡ್ಡೆ ಕರಗುವವರೆಗೆ ಕಾದ. ಆಮೇಲೆ ಎರಡೇ ದಿನದಲ್ಲಿ ದಕ್ಷಿಣದ ಸೇನಾನಿ ಹುಡ್‌ನ ಸೈನ್ಯವನ್ನು ಮತ್ತೆ ಸೈನ್ಯವೆಂದು ಕರೆಯಲಾಗದಂತೆ ಮಾಡಿದ, ತನ್ನ ಕಡೆ ಮೂರು ಸಾವಿರದಷ್ಟು ನಷ್ಟದಲ್ಲಿ. ಆ ಸಲ ಗ್ರಾಂಟ್‌ನ ಅವಸರವೇ ತಪ್ಪಾಗಿತ್ತು. ಲೀಯ ಹೆಸರನ್ನು ಈ ಥಾಮಸ್‌ನ ಕೆಳಗೆ ಎಲ್ಲಿ ಬೇಕಾದರೂ ಬರೆದುಕೊಳ್ಳಿ. ಎಷ್ಟನೆಯ ಸಾಲಿನಲ್ಲಿ ಎಂಬುದಕ್ಕೆ ನಾನು ಜಗಳಕ್ಕೆ ಬರುವುದಿಲ್ಲ.